ಕ್ಷೌರದ ಕತ್ತಿಯೂ ನಮ್ಮ ನಾಲಿಗೆಯೂ

ಕಳೆದ ತಿಂಗಳು ಮದುವೆಯ ಮನೆಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ್ದ. ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾನೆ. ಎಡಗೆನ್ನೆಯ ಮೇಲೆ ಎರಡು ಗೀರುಗಳಿದ್ದುವು. ವಿಚಾರಿಸಿದಾಗ, ಜರ್ಮನಿಯ ಸೋಲಿಂಗನ್ ಊರಿನಲ್ಲಿ ತಯಾರಾದ ಮಡಚುವ ಕ್ಷೌರದ ಕತ್ತಿಯೊಂದನ್ನು ತರಿಸಿ, ಮೂರು ದಿನ ಪ್ರಯತ್ನಿಸಿ, ಕಪಾಟಿನಲ್ಲಿ ಎತ್ತಿಟ್ಟ ಕತೆಯನ್ನು ಹೇಳಿದ. "ಸಲೂನಿನವನು ಹಾಡು ಕೇಳಿಕೊಂಡು ಮಾಡುವ ಕೆಲಸ ಸಾರ್, ಇದರಲ್ಲೇನು ಮಹಾ ವಿದ್ಯೆ ಇದೆ? ಕತ್ತಿಯೇ ಸರಿಯಿಲ್ಲ" ಎಂದ. ಸುತ್ತಲಿದ್ದವರು ನಕ್ಕರು. ನಾನು ನಗಲಿಲ್ಲ; ಉತ್ತರವನ್ನೂ ಕೊಡಲಿಲ್ಲ. ಆ ಉತ್ತರವನ್ನು ಈಗ ಬರೆಯುತ್ತಿದ್ದೇನೆ, ಅವನೊಬ್ಬನಿಗಾಗಿ ಮಾತ್ರವಲ್ಲ.

ಮೊದಲು ಕತ್ತಿಯ ವಿಷಯ. ಹೊಸ ಕತ್ತಿ ಹೊಳೆಯುತ್ತದೆ, ಆದರೆ ಎಷ್ಟೋ ಬಾರಿ ಅದು ಕ್ಷೌರಕ್ಕೆ ಸಿದ್ಧವಾಗಿರುವುದಿಲ್ಲ. ಅದನ್ನು ನುಣುಪಾದ ಸಾಣೆಕಲ್ಲಿನ ಮೇಲೆ ಮಸೆಯಬೇಕು. ಇದನ್ನು ರೂಪಿಸಿದವರ ಜಾಣ್ಮೆಯನ್ನು ಗಮನಿಸಿ: ಕತ್ತಿಯ ಬೆನ್ನು ಮತ್ತು ಅಲಗು ಎರಡೂ ಕಲ್ಲನ್ನು ಮುಟ್ಟಿದಂತೆ ಮಲಗಿಸಿದರೆ ಕೋನ ತಾನಾಗಿಯೇ ನಿಲ್ಲುತ್ತದೆ. ಕಲ್ಲಿನ ಮೇಲೆ ಅಲಗು ಮುಂದಾಗಿ ಸಾಗಬೇಕು; ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ, ಅಲಗು ಹಿಂದಾಗಿ ಸಾಗಬೇಕು. ಪಟ್ಟಿಯ ತುದಿಯಲ್ಲಿ ಕತ್ತಿಯನ್ನು ಬೆನ್ನಿನ ಮೇಲೆಯೇ ಹೊರಳಿಸಬೇಕು. ಅಲಗಿನ ಮೇಲೆ ಹೊರಳಿಸಿದರೆ ಅಂಚು ಮೊಂಡಾಗುತ್ತದೆ, ಪಟ್ಟಿಯೂ ಹರಿಯುತ್ತದೆ. ಕಲ್ಲಿನ ಕೆಲಸ ಅಪರೂಪಕ್ಕೊಮ್ಮೆ. ಪಟ್ಟಿಯ ಕೆಲಸ ಪ್ರತಿ ಕ್ಷೌರಕ್ಕೂ ಮೊದಲು. ನನ್ನ ವಿದ್ಯಾರ್ಥಿ ಇವೆರಡನ್ನೂ ಮಾಡಿರಲಿಲ್ಲ. ಕತ್ತಿಯನ್ನು ಕೊಂಡಿದ್ದ, ಅಷ್ಟೇ.

ಇನ್ನು ಕೈಯ ವಿಷಯ. ನಿವೃತ್ತನಾದ ಮೇಲೆ ನಾನೂ ಇದನ್ನು ಕಲಿತೆ. ಕಲಿಸಿದವರು ನಮ್ಮ ಬೀದಿಯ ಕ್ಷೌರಿಕರು. ಬಿಸಿನೀರಿನಿಂದ ಮುಖ ತೊಳೆದು, ಬ್ರಷ್ಷಿನಿಂದ ದಪ್ಪನೆಯ ನೊರೆ ಹಚ್ಚಿ, ಕುರುಚಲು ಮೆತ್ತಗಾಗುವವರೆಗೆ ಕಾಯುವುದು ಮೊದಲ ಪಾಠ. ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುವುದು ಎರಡನೆಯದು. ಕತ್ತಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲಿಯೇ ಸಣ್ಣ ಸಣ್ಣದಾಗಿ ಸಾಗಿಸುವುದು ಮೂರನೆಯದು. ಅಡ್ಡಕ್ಕೆ ಜಾರಿಸಿದರೆ ಗಾಯ ಖಂಡಿತ. "ಮೇಷ್ಟ್ರೇ, ಒತ್ತಬೇಡಿ. ಕತ್ತಿಯ ತೂಕವೇ ಸಾಕು" ಎಂದು ಅವರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ. ಮೊದಲ ಕೆಲವು ವಾರ ಎರಡು ಕೆನ್ನೆಗಳನ್ನು ಬಿಟ್ಟು ಬೇರೆಡೆಗೆ ಕತ್ತಿ ಒಯ್ಯಲು ಅವರು ಬಿಡಲಿಲ್ಲ. ಕತ್ತು ಆಮೇಲೆ, ಗದ್ದ ಮತ್ತು ಮೇಲ್ದುಟಿ ಎಲ್ಲಕ್ಕಿಂತ ಕೊನೆಗೆ. ಗೀರು ಬಿದ್ದಾಗ ಪಟಕವನ್ನು ಒದ್ದೆ ಮಾಡಿ ಉಜ್ಜಿದರು. ಉರಿಯಿತು, ರಕ್ತ ನಿಂತಿತು. ಬಿ.ಎಡ್. ತರಗತಿಯಲ್ಲಿ ನಾವು ಓದಿದ 'ಸುಲಭದಿಂದ ಕಠಿಣದೆಡೆಗೆ' ಎಂಬ ಬೋಧನಾ ಸೂತ್ರವನ್ನು ಅವರು ಯಾವ ಪುಸ್ತಕದಲ್ಲಿಯೂ ಓದಿರಲಿಲ್ಲ.

ಈ ಕಾಲದಲ್ಲಿ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ. ಅಮೆರಿಕದ ಕಿಂಗ್ ಜಿಲೆಟ್ 1903ರಲ್ಲಿ ಸೇಫ್ಟಿ ರೇಜರನ್ನು ಮಾರಾಟಕ್ಕೆ ತಂದ. 1904ರಲ್ಲಿ ಪೇಟೆಂಟ್ ಪಡೆದ. ಮಸೆಯುವ ಬದಲು ಬ್ಲೇಡನ್ನು ಎಸೆಯುವುದೇ ಅದರ ತತ್ತ್ವ. ಅದೇ ಕಂಪನಿ 1971ರಲ್ಲಿ ಎರಡು, 1998ರಲ್ಲಿ ಮೂರು, 2006ರಲ್ಲಿ ಐದು ಅಲಗುಗಳನ್ನು ಒಂದೇ ಹಿಡಿಗೆ ಜೋಡಿಸಿತು. ಬೆಳಿಗ್ಗೆ ಬಸ್ಸು ಹಿಡಿಯಬೇಕಾದವರು ಅದನ್ನು ಬಳಸಲಿ, ನನ್ನ ತಕರಾರಿಲ್ಲ. ಆದರೆ ಯಂತ್ರವು ನಮ್ಮ ಕೈಗೆ ಕೆಲಸವೇ ಇಲ್ಲದಂತೆ ಮಾಡಿದಾಗ, ಆ ಕೆಲಸ ಎಷ್ಟು ಕಷ್ಟದ್ದೆಂಬ ಅಂದಾಜೂ ನಮ್ಮಿಂದ ಮರೆಯಾಗುತ್ತದೆ. ಆಗ "ಇದರಲ್ಲೇನು ವಿದ್ಯೆ" ಎಂಬ ಮಾತು ಬಾಯಿಗೆ ಬರುತ್ತದೆ.

ಸಲೂನಿನಲ್ಲಿ ಈಗ ಆ ಹಳೆಯ ಕತ್ತಿ ಎಲ್ಲಿದೆ ಎಂದು ವಾದಿಸಬಹುದು. ನಿಜ, ಒಬ್ಬರ ರಕ್ತ ಇನ್ನೊಬ್ಬರಿಗೆ ತಗುಲಿ ರೋಗ ಹರಡಬಾರದೆಂದು ಅವರು ಗಿರಾಕಿಗೊಂದು ಹೊಸ ಬ್ಲೇಡು ಹಾಕುತ್ತಾರೆ, ಅದೇ ಸರಿ. ನಮ್ಮ ಸ್ವಂತ ಕತ್ತಿಯನ್ನೂ ಇನ್ನೊಬ್ಬರಿಗೆ ಕೊಡಬಾರದು. ಆದರೆ ಬ್ಲೇಡು ಹೊಸದಾದರೂ ಓರೆ, ಬಿಗಿತ, ಹಗುರ ಎಲ್ಲವೂ ಆ ಕೈಯದೇ. ತನ್ನ ಮುಖದಲ್ಲಿ ಎಲ್ಲಿ ನೋಯುತ್ತದೆಂದು ತನಗೆ ತಿಳಿಯುತ್ತದೆ; ಅವರು ದಿನವಿಡೀ ಇನ್ನೊಬ್ಬರ ಕೊರಳ ಮೇಲೆ ಆ ಕೆಲಸ ಮಾಡುತ್ತಾರೆ.

ಇಂಥ ವಿದ್ಯೆಯುಳ್ಳವರಿಗೆ ನಾವು ಕೊಟ್ಟ ಮರ್ಯಾದೆಯೇನು? ನನ್ನ ಬಾಲ್ಯದಲ್ಲಿ ಅವರು ಹಡಪ ಹಿಡಿದು ಹಿತ್ತಿಲ ಬಾಗಿಲಿಗೆ ಬರಬೇಕಿತ್ತು. ಕ್ಷೌರ ಮುಗಿದ ಮೇಲೆ ನಮ್ಮನ್ನು ಯಾವುದನ್ನೂ ಮುಟ್ಟಗೊಡದೆ ಸ್ನಾನಕ್ಕೆ ಅಟ್ಟುತ್ತಿದ್ದರು. ಅವರ ಕಸುಬಿನ ಹೆಸರನ್ನೇ ನಾವು ಬೈಗುಳವನ್ನಾಗಿ ಮಾಡಿಕೊಂಡೆವು. ಆ ಪದವನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆಲ್ಲರಿಗೂ ತಿಳಿದಿದೆ.

ನನಗೂ ತಿಳಿದಿತ್ತು. ಉದ್ಯೋಗಕ್ಕೆ ಸೇರಿದ ಹೊಸತರಲ್ಲಿ, ಒಂಬತ್ತನೆಯ ತರಗತಿಯಲ್ಲಿ, ಲೆಕ್ಕ ತಪ್ಪು ಮಾಡಿದ ಹುಡುಗನೊಬ್ಬನನ್ನು ಆ ಪದದಿಂದಲೇ ಬೈದೆ. ತರಗತಿ ನಕ್ಕಿತು. ಮೂರನೆಯ ಬೆಂಚಿನಲ್ಲಿ ಕುಳಿತಿದ್ದ ಇನ್ನೊಬ್ಬ ಹುಡುಗ ತಲೆ ತಗ್ಗಿಸಿದ. ಅವನ ತಂದೆ ಊರಿನ ಕ್ಷೌರಿಕರು. ನಾನು ಅದನ್ನು ಕಂಡೆ. ಕಂಡೂ ಪಾಠ ಮುಂದುವರಿಸಿದೆ. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅವನ ಕ್ಷಮೆ ಕೇಳಲಿಲ್ಲ. ಅವನು ಇದನ್ನು ಓದುತ್ತಿದ್ದರೆ, ಈಗ ಕೇಳುತ್ತಿದ್ದೇನೆ. ಅಂದು ನಕ್ಕವರಲ್ಲಿ ಕೆಲವರಾದರೂ ಇದನ್ನು ಓದುತ್ತಿರಬಹುದು. ತಪ್ಪು ನಿಮ್ಮದಲ್ಲ; ನಗಿಸಿದವನು ನಾನು.

ಆದ್ದರಿಂದ ಕತ್ತಿ ಹಿಡಿಯಬೇಕೆಂಬ ಆಸೆಯುಳ್ಳ ನನ್ನ ಶಿಷ್ಯರಿಗೂ ಬಂಧುಗಳಿಗೂ ಹೇಳುವುದಿಷ್ಟು: ಕತ್ತಿ ಕೊಳ್ಳುವ ಮೊದಲು ನಿಮ್ಮ ಬೀದಿಯ ಕ್ಷೌರಿಕರ ಬಳಿಗೆ ಹೋಗಿ, ಕಲಿಸಿಕೊಡಿ ಎಂದು ಕೇಳಿ, ಬಹುವಚನದಲ್ಲಿ ಕೇಳಿ. ಕಲಿಸಿದ್ದಕ್ಕೆ ಹಣ ಕೊಡಿ. ಕತ್ತಿಯನ್ನು ಹಿಡಿಯುವ ಮೊದಲು ನಾಲಿಗೆಯನ್ನು ಹಿಡಿಯುವುದನ್ನು ಕಲಿಯಿರಿ. ಅದನ್ನು ನಿಮಗೆ ತರಗತಿಯಲ್ಲಿಯೇ ಕಲಿಸಬೇಕಾಗಿತ್ತು, ನಾನು ಕಲಿಸಲಿಲ್ಲ.