ಬಾಲ್ಕನಿಯ ಗಾಂಜಾ, ಸಮಾಜದ ಮೌನ



ಕಳೆದ ದಶಲಕ್ಷಣ ಪರ್ವದ ಉತ್ತಮ ಸಂಯಮದ ದಿನ. ಪ್ರವಚನ ಮುಗಿದು ಜನ ಚದುರುತ್ತಿದ್ದಾಗ ಡೊಂಬಿವಲಿಯ ಶ್ರಾವಕರೊಬ್ಬರು ನನ್ನನ್ನು ಮೆಟ್ಟಿಲ ಬಳಿಗೆ ಕರೆದೊಯ್ದರು. ಇಂಜಿನಿಯರಿಂಗ್ ಓದುವ ಅವರ ಮಗ ಬಾಲ್ಕನಿಯ ಮಲ್ಲಿಗೆ ಕುಂಡಗಳ ಹಿಂದೆ ಗಾಂಜಾ ಗಿಡವೊಂದನ್ನು ಬೆಳೆಸಿದ್ದ. ಅದರ ಹೂಗೊನೆಗಳು ಗಾಜಿನ ಭರಣಿಯಲ್ಲಿ, ಬಟ್ಟೆಯ ಕಪಾಟಿನೊಳಗೆ ಮಾಗುತ್ತಿದ್ದವು. ತಂದೆ ಗದರಿಸಿದಾಗ ಮಗ ತಲೆ ತಗ್ಗಿಸಲಿಲ್ಲ. “ಅಪ್ಪಾಜಿ, ಇದು ರಸ್ತೆಯಲ್ಲಿ ಕೊಂಡ ಮಾಲಲ್ಲ. ನಾನೇ ಬೆಳೆದದ್ದು, ಔಷಧ ಹೊಡೆದಿಲ್ಲ. ಹಿಂದಿನವರ ಪದ್ಧತಿಯಂತೆ ಹುದುಗು ಬರಿಸಿ ಹದಮಾಡಿದ್ದೇನೆ. ಒಂದು ಇರುವೆಯನ್ನೂ ಕೊಂದಿಲ್ಲ. ಊರಲ್ಲಿ ಅಜ್ಜ ತಂಬಾಕು ಹದಮಾಡುತ್ತಿರಲಿಲ್ಲವೇ?” ಎಂದು ಕೇಳಿದನಂತೆ.

ಇದನ್ನು ಹೇಳುತ್ತಿರುವಾಗಲೇ ಆ ಹಿರಿಯರ ಕೈ ಜೇಬಿನ ಚಂಚಿಗೆ ಹೋಯಿತು. ಪರ್ವದ ದಿನವೆಂದು ನೆನಪಾಗಿ ಹಿಂದೆ ಬಂತು. ಕೊನೆಗೆ ಅವರು ನನ್ನಲ್ಲಿ ಕೇಳಿಕೊಂಡದ್ದು ಒಂದೇ: “ಸಮಾಜದಲ್ಲಿ ಯಾರಿಗೂ ಗೊತ್ತಾಗಬಾರದು. ಮಗಳ ಸಂಬಂಧದ ಮಾತುಕತೆ ನಡೆದಿದೆ.” ಅವರ ಒಪ್ಪಿಗೆ ಪಡೆದು, ಗುರುತು ಮರೆಸಿ ಇದನ್ನು ಬರೆಯುತ್ತಿದ್ದೇನೆ.

ಇದು ಒಂದು ಮನೆಯ ಕಥೆಯೆಂದು ಯಾರೂ ಸಮಾಧಾನಪಟ್ಟುಕೊಳ್ಳಬೇಕಾಗಿಲ್ಲ. 2021ರಲ್ಲಿ ಕೇಂದ್ರದ ಮಾದಕ ವಸ್ತು ನಿಯಂತ್ರಣ ದಳವು ಇದೇ ಡೊಂಬಿವಲಿಯಲ್ಲಿ, ಮಣ್ಣಿಲ್ಲದೆ ಪೋಷಕಾಂಶದ ನೀರಿನಲ್ಲಿ ಮನೆಯೊಳಗೇ ಗಾಂಜಾ ಬೆಳೆಸುತ್ತಿದ್ದ ಪ್ರಕರಣವನ್ನು ಬಯಲಿಗೆಳೆದಿತ್ತು. ಸುದ್ದಿ ಓದಿ ನಾವು ಪುಟ ಮಗುಚಿದೆವು, ‘ನಮ್ಮವರಲ್ಲ’ ಎಂದುಕೊಂಡೆವು. ಕೇಂದ್ರ ಸರಕಾರಕ್ಕಾಗಿ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಒಂದು ವರ್ಷದ ಅವಧಿಯಲ್ಲಿ ಭಂಗ್, ಗಾಂಜಾ ಅಥವಾ ಚರಸ್ ಸೇವಿಸಿದ ಭಾರತೀಯರು ಸುಮಾರು 3.1 ಕೋಟಿ. ಅವರಲ್ಲಿ ಸುಮಾರು 72 ಲಕ್ಷ ಮಂದಿಗೆ ಆ ಚಟದ ಕಾರಣದಿಂದ ನೆರವಿನ ಅಗತ್ಯವಿದೆ. ಠಾಣೆ, ಕಲ್ಯಾಣ್, ನವಿ ಮುಂಬಯಿಗಳ ಜೈನ ಮನೆಗಳ ಬಾಗಿಲಲ್ಲಿ ಈ ಲೆಕ್ಕ ನಿಂತುಬಿಡುತ್ತದೆಯೇ?

ಹುಡುಗನ ವಾದಕ್ಕೆ ನಾಲ್ಕು ಕಾಲುಗಳಿವೆ. ಒಂದೊಂದನ್ನೇ ಪರೀಕ್ಷಿಸೋಣ. ಮೂರು ಮುರಿಯುತ್ತವೆ. ನಾಲ್ಕನೆಯದು ಮುರಿಯದು, ಅದರ ಭಾರ ನಮ್ಮ ಮೇಲೆಯೇ ಬೀಳುತ್ತದೆ.

ಮೊದಲನೆಯದು, ‘ನಾನೇ ಬೆಳೆದದ್ದು’ ಎಂಬ ಸಮರ್ಥನೆ. ಕಾನೂನಿನ ದೃಷ್ಟಿಯಲ್ಲಿ ಇದು ರಕ್ಷಣೆಯಲ್ಲ, ಇನ್ನೂ ದೊಡ್ಡ ಅಪಾಯ. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಒಂದು ಕಿಲೋಗಿಂತ ಹೆಚ್ಚಿಲ್ಲದ ಗಾಂಜಾ ‘ಅಲ್ಪ ಪ್ರಮಾಣ’. ಅದನ್ನು ಇಟ್ಟುಕೊಂಡವನಿಗೆ ಒಂದು ವರ್ಷದವರೆಗೆ ಸೆರೆಯಾಗಬಹುದು. ಆದರೆ ಗಿಡ ಬೆಳೆಸಿದವನಿಗೆ 20ನೆಯ ಕಲಮಿನಡಿ ಹತ್ತು ವರ್ಷಗಳವರೆಗೆ ಕಠಿಣ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ. ಕುಂಡ ಒಂದೋ ಹತ್ತೋ ಎಂಬ ಭೇದವನ್ನು ಆ ಕಲಮು ಮಾಡುವುದಿಲ್ಲ. ಗೊತ್ತಿದ್ದೂ ತನ್ನ ಮನೆಯಲ್ಲಿ ಇಂಥ ಅಪರಾಧಕ್ಕೆ ಅವಕಾಶ ಕೊಟ್ಟವನನ್ನು 25ನೆಯ ಕಲಮು ಅದೇ ಶಿಕ್ಷೆಗೆ ಗುರಿಮಾಡುತ್ತದೆ. ‘ಯಾರಿಗೂ ಗೊತ್ತಾಗಬಾರದು’ ಎಂದು ಸುಮ್ಮನಿರುವ ತಂದೆತಾಯಂದಿರು ಇದನ್ನು ಎರಡು ಬಾರಿ ಓದಲಿ. ಶಿವರಾತ್ರಿಯ ಭಂಗ್ ಮುಕ್ತವಾಗಿದೆಯಲ್ಲ ಎನ್ನುವವರಿಗೆ ಉತ್ತರವೂ ಅದೇ ಕಾಯ್ದೆಯಲ್ಲಿದೆ. ಹೂಗೊನೆಯಿಲ್ಲದ ಬರಿಯ ಎಲೆ ಕಾಯ್ದೆಯ ‘ಗಾಂಜಾ’ ವ್ಯಾಖ್ಯೆಯೊಳಗೆ ಬರುವುದಿಲ್ಲ. ಭಂಗ್ ಉಳಿದುಕೊಂಡದ್ದು ಆ ಕಿಂಡಿಯಿಂದ. ಹುಡುಗನ ಭರಣಿಯಲ್ಲಿದ್ದದ್ದು ಹೂಗೊನೆ.

ಎರಡನೆಯದು, ‘ಹಿಂದಿನವರ ಪದ್ಧತಿ’. ಈ ಪದ್ಧತಿ ಯಾವುದು? ಬ್ರಿಟಿಷ್ ಸರಕಾರ ನೇಮಿಸಿದ್ದ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ 1893–94ರಲ್ಲಿ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ ಇದನ್ನು ವಿವರವಾಗಿ ದಾಖಲಿಸಿತು. ಬಂಗಾಳದಲ್ಲಿ ಕೂಲಿಯವರು ಗೊನೆಗಳನ್ನು ಕಾಲಿನಿಂದ ತುಳಿದು, ಒತ್ತಿ, ರಾಶಿ ಹಾಕಿ ‘ಚಪ್ಪಟೆ’ ಮತ್ತು ‘ಗುಂಡು’ ಗಾಂಜಾ ತಯಾರಿಸುತ್ತಿದ್ದರು. ಮುಂಬಯಿ ಪ್ರಾಂತದಲ್ಲಿ ಅಹಮದನಗರದ ಸೀಮೆ ಈ ಬೆಳೆಗೆ ಹೆಸರಾಗಿತ್ತು. ಇವೆಲ್ಲ ಅಬಕಾರಿ ಲೈಸೆನ್ಸಿನ ಕಣ್ಗಾವಲಿನಲ್ಲಿ ನಡೆಯುತ್ತಿದ್ದ ಕೆಲಸಗಳು. ಮಾಲು ಸಾಗಾಟಕ್ಕೆ ಅನುಕೂಲವಾಗಬೇಕಿತ್ತು, ಸರಕಾರಕ್ಕೆ ತೆರಿಗೆ ಬರಬೇಕಿತ್ತು. ಪರದೇಶದ ಖಜಾನೆ ತುಂಬಿಸಿದ ವ್ಯಾಪಾರದ ವಿಧಾನವನ್ನು ಋಷಿಮುನಿಗಳ ಪರಂಪರೆಯೆಂದು ಮಾರುವವರ ಮಾತಿಗೆ ನಮ್ಮ ಓದಿದ ಮಕ್ಕಳು ಮರುಳಾಗುತ್ತಿದ್ದಾರೆ. ಆ ಕಮಿಷನ್ ಸಂಪೂರ್ಣ ನಿಷೇಧ ಬೇಡವೆಂದದ್ದೂ ನಿಜ. ಮರೆಮಾಚುವ ಅಗತ್ಯ ನನಗಿಲ್ಲ. ರಾಜ್ಯವು ನಿಷೇಧಿಸಬೇಕೇ ಎಂಬುದು ಅದರ ಪ್ರಶ್ನೆಯಾಗಿತ್ತು. ಶ್ರಾವಕನು ಸೇವಿಸಬಹುದೇ ಎಂಬುದು ನಮ್ಮ ಪ್ರಶ್ನೆ.

ಇನ್ನು ಹುದುಗುವಿಕೆ ಮಾಡುವುದೇನು? ಎಲೆಯ ಹಸಿ ವಾಸನೆಯನ್ನೂ ಗಂಟಲು ಕೆರೆಯುವ ಒಗರನ್ನೂ ತಗ್ಗಿಸುತ್ತದೆ. ಅಮಲೇರಿಸುವ ಅಂಶವನ್ನು ಅದು ಶುದ್ಧಿ ಮಾಡುವುದಿಲ್ಲ. ಗಂಟಲು ಕೆಮ್ಮಿ ಎಚ್ಚರಿಸುತ್ತಿದ್ದುದನ್ನು ನಿಲ್ಲಿಸುತ್ತದೆ, ಅಷ್ಟೆ. ತೇವ ಉಳಿದರೆ ಆಸ್ಪರ್ಜಿಲಸ್‌ನಂಥ ಬೂಷ್ಟು ಹಿಡಿಯುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರ ಶ್ವಾಸಕೋಶಕ್ಕೆ ಅದು ಪ್ರಾಣಾಂತಕವಾಗಬಲ್ಲದು. ಹದಿವಯಸ್ಸಿನಲ್ಲಿ ಆರಂಭವಾಗುವ ಗಾಂಜಾ ಸೇವನೆ ತೀವ್ರ ಮಾನಸಿಕ ರೋಗದ ಸಂಭವವನ್ನು ಹೆಚ್ಚಿಸುತ್ತದೆಂದು ವೈದ್ಯಶಾಸ್ತ್ರ ಹೇಳುತ್ತಲೇ ಇದೆ. ಮನೆಯ ಕುಂಡದಲ್ಲಿ ಬೆಳೆದ ಮಾತ್ರಕ್ಕೆ ಮಿದುಳು ರಿಯಾಯಿತಿ ಕೊಡುವುದಿಲ್ಲ.

ಮೂರನೆಯದು, ‘ಒಂದು ಇರುವೆಯನ್ನೂ ಕೊಂದಿಲ್ಲ’. ಇಲ್ಲಿ ಮಗ ಜೈನ ಭಾಷೆಯಲ್ಲಿ ಮಾತನಾಡಿದ್ದಾನೆ. ಜೈನ ಭಾಷೆಯಲ್ಲೇ ಉತ್ತರಿಸಬೇಕು. ಆಚಾರ್ಯ ಅಮೃತಚಂದ್ರರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಮದ್ಯವನ್ನು ನಿರಾಕರಿಸಲು ಕೊಡುವ ಕಾರಣಗಳು ಎರಡು. ಹುದುಗು ಬಂದ ದ್ರವ್ಯವು ಅಸಂಖ್ಯ ಜೀವಗಳ ಉತ್ಪತ್ತಿಸ್ಥಾನ ಎಂಬುದೊಂದು. ಅಮಲು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಿತನು ಧರ್ಮವನ್ನು ಮರೆಯುತ್ತಾನೆ, ಮರೆತವನು ಅಳುಕದೆ ಹಿಂಸೆಯಲ್ಲಿ ತೊಡಗುತ್ತಾನೆ ಎಂಬುದು ಇನ್ನೊಂದು. ಗಾಂಜಾ ಮದ್ಯವಲ್ಲ ಎಂಬ ತರ್ಕ ಮೊದಲ ಕಾರಣದಿಂದಲೂ ಪಾರಾಗದು, ಎರಡನೆಯದರಿಂದಲೂ ಪಾರಾಗದು. ಹಿಟ್ಟಿಗೂ ಮಸಾಲೆಗೂ ದಿನಗಳ ಮರ್ಯಾದೆ ಎಣಿಸುವ, ರುಚಿ ಕೆಟ್ಟದ್ದನ್ನು ಚಲಿತರಸವೆಂದು ಅಭಕ್ಷ್ಯಗಳ ಪಟ್ಟಿಗೆ ಸೇರಿಸುವ ಮನೆಯಲ್ಲಿ, ವಾರಗಟ್ಟಲೆ ಹುದುಗಿದ ಗೊನೆಯನ್ನು ಅಹಿಂಸೆಯ ಹೆಸರಿನಲ್ಲಿ ಸೇದುವುದು ಯಾವ ನ್ಯಾಯ? ಅಹಿಂಸೆ ಇರುವೆಯ ಲೆಕ್ಕದಲ್ಲಿ ಮುಗಿಯುವುದಿಲ್ಲ. ಪ್ರಮಾದವೇ ಹಿಂಸೆಯ ಬೇರು. ಅಮಲೆಂದರೆ ಬೇಕೆಂದೇ ತಂದುಕೊಂಡ ಪ್ರಮಾದ.

ಈಗ ನಾಲ್ಕನೆಯದು: ‘ಅಜ್ಜ ತಂಬಾಕು ಹದಮಾಡುತ್ತಿರಲಿಲ್ಲವೇ?’

ಇಲ್ಲಿ ನಾವು ತಲೆ ತಗ್ಗಿಸಬೇಕು. ನಿಪ್ಪಾಣಿ, ಚಿಕ್ಕೋಡಿ, ಕೊಲ್ಹಾಪುರ, ಸಾಂಗಲಿಯ ಸೀಮೆಯಿಂದ ಈ ಮಹಾನಗರದ ಮಗ್ಗುಲಿಗೆ ಬಂದು ನೆಲೆಸಿದ ಎಷ್ಟೋ ಜೈನ ಮನೆತನಗಳ ಹಳೆಯ ಹೊಲದಲ್ಲಿ ಬೀಡಿ ತಂಬಾಕು ಇತ್ತು. ಕೆಲವರಿಗೆ ವಖಾರಿಯೂ ಇತ್ತು. ರಾಶಿ ಹಾಕಿ, ಬಿಸಿಯೇರಲು ಬಿಟ್ಟು, ಎಲೆಯನ್ನು ಹದಕ್ಕೆ ತರುವ ವಿದ್ಯೆ ನಮ್ಮವರಿಗೆ ಗೊತ್ತಿತ್ತು. ವಖಾರಿಗಳಲ್ಲಿ ಘಾಟು ಧೂಳನ್ನು ಉಸಿರಾಡಿ ದುಡಿದವರು ಬಡ ಹೆಂಗಸರು. 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ನ್ಯಾಯಬೆಲೆಗಾಗಿ ರೈತರು ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತಾಗ, ಏಪ್ರಿಲ್ 6ರಂದು ಗೋಲಿಬಾರು ನಡೆದು ಜೀವಗಳು ಹೋದವು. ಅಂದಿನ ಬೆಳೆಗಾರನನ್ನು ನಾನು ದೂಷಿಸುವುದಿಲ್ಲ. ಅವನಿಗೆ ಬೇರೆ ದಾರಿಗಳು ಕಡಿಮೆಯಿದ್ದವು. ಆದರೆ ಆ ಹಣದ ಒಂದು ಪಾಲು ಬಸದಿಯ ದಾನಫಲಕಗಳನ್ನೂ ಏರಿತು. ಯಾವ ಸಭೆಯೂ ಅದನ್ನು ಪ್ರಶ್ನಿಸಲಿಲ್ಲ. ಮಹಾರಾಷ್ಟ್ರ ಸರಕಾರ 2012ರಲ್ಲೇ ಗುಟ್ಕಾ ನಿಷೇಧಿಸಿತು. ಸಮಾಜದ ಹಿರಿಯರ ಜೇಬಿನ ಚಂಚಿಯನ್ನು ನಾವು ಇಂದಿಗೂ ನಿಷೇಧಿಸಿಲ್ಲ. ಕಂದಮೂಲ ಬಿಟ್ಟವರು, ರಾತ್ರಿಭೋಜನ ಬಿಟ್ಟವರು, ಊಟವಾದೊಡನೆ ತಂಬಾಕಿಗೆ ಸುಣ್ಣ ತಿಕ್ಕುವುದನ್ನು ಮಕ್ಕಳು ನೋಡುತ್ತ ಬೆಳೆದಿದ್ದಾರೆ. ‘ನಿಮ್ಮ ಎಲೆಗೆ ಸಂಪ್ರದಾಯವೆಂಬ ಹೆಸರು, ನನ್ನ ಎಲೆಗೆ ವ್ಯಸನವೆಂಬ ಹೆಸರು’ ಎಂದು ಮಗ ಹೇಳಿದರೆ ಅದಕ್ಕೆ ಗದರಿಕೆ ಉತ್ತರವಾಗುವುದಿಲ್ಲ. ಉತ್ತರ ಒಂದೇ: ಎರಡೂ ತಪ್ಪು, ನಿನ್ನದಕ್ಕಿಂತ ಮೊದಲು ನಮ್ಮದು.

ಈ ಮಾತನ್ನು ಹೇಳುವ ಧೈರ್ಯವಿಲ್ಲದ್ದರಿಂದಲೇ ನಾವು ಮೌನವನ್ನು ಆರಿಸಿಕೊಂಡಿದ್ದೇವೆ. ಸಂಬಂಧ ತಪ್ಪೀತೆಂದು ತಾಯಿ ಮುಚ್ಚಿಡುತ್ತಾಳೆ. ಹೆಸರು ಕೆಟ್ಟೀತೆಂದು ಸಮಾಜದ ಅಧ್ಯಕ್ಷರು ಕಣ್ಣು ಮುಚ್ಚುತ್ತಾರೆ. ಪಂಚಕಲ್ಯಾಣದ ಸವಾಲಿನಲ್ಲಿ ಲಕ್ಷಗಟ್ಟಲೆ ಕೂಗುವ ನಾವು, ಚಟಕ್ಕೆ ಬಿದ್ದ ಹುಡುಗನ ಚಿಕಿತ್ಸೆಗೆ ಒಂದು ನಿಧಿಯನ್ನೂ ಕಟ್ಟಿಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದಲ್ಲವೇ? ಜಾರಿದವನನ್ನು ಮತ್ತೆ ಮಾರ್ಗದಲ್ಲಿ ನಿಲ್ಲಿಸುವುದೇ ಅದು. ಜಾರಿದವನನ್ನು ಅಡಗಿಸಿಡಿ ಎಂದು ಯಾವ ಆಚಾರ್ಯರು ಹೇಳಿದ್ದಾರೆ?

ರಾಜಕೀಯದ ಮಾತನ್ನೂ ಬಿಡುವಂತಿಲ್ಲ. ಒಂದು ಕಡೆ ‘ಎಲ್ಲರನ್ನೂ ಒಳಗೆ ಹಾಕಿ’ ಎನ್ನುವವರು. ಇನ್ನೊಂದು ಕಡೆ ‘ಎಲ್ಲವನ್ನೂ ಮುಕ್ತಗೊಳಿಸಿ’ ಎನ್ನುವವರು. 2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗವು ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆದಾಗ ಭಾರತವೂ ಪರವಾಗಿ ಮತ ಹಾಕಿತು. ದೇಶದೊಳಗೆ ಒಂದು ಕುಂಡಕ್ಕೆ ಹತ್ತು ವರ್ಷದ ಸೆರೆಯ ಭಯ ಹಾಗೆಯೇ ಉಳಿದಿದೆ. ತನ್ನ ಸೇವನೆಗೆಂದು ಗಿಡ ನೆಟ್ಟ ಇಪ್ಪತ್ತರ ಹುಡುಗನನ್ನು ಸಾಗಾಟದಾರರ ಜೊತೆ ಕೂಡಿಹಾಕುವ ನ್ಯಾಯವನ್ನು ನಾನು ಒಪ್ಪುವುದಿಲ್ಲ. ಈ ಕಲಮನ್ನು ಸಂಸತ್ತು ತಿದ್ದಬೇಕು. ನಮ್ಮ ಮತ ಕೇಳಲು ಬರುವವರ ಮುಂದೆ ಇದನ್ನು ಇಡಬೇಕು. ಆದರೆ ನಾಳೆ ಕಾನೂನು ಸಡಿಲಿಸಿದರೂ ವ್ರತ ಸಡಿಲಾಗದು. ಮದ್ಯದಂಗಡಿಗೆ ಸರಕಾರ ಲೈಸೆನ್ಸು ಕೊಟ್ಟಿತೆಂದು ನಾವು ಮದ್ಯವನ್ನು ಅಷ್ಟಮೂಲಗುಣದಿಂದ ಕೈಬಿಟ್ಟೆವೇ?

ಅದೇ ಕಾಯ್ದೆಯಲ್ಲಿ ನಮ್ಮವರಿಗೆ ತಿಳಿಯಬೇಕಾದ 64–ಎ ಎಂಬ ಕಲಮಿದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ಸರಕಾರ ನಡೆಸುವ ಅಥವಾ ಮಾನ್ಯ ಮಾಡಿದ ಸಂಸ್ಥೆಯಲ್ಲಿ ತಾನಾಗಿ ಚಿಕಿತ್ಸೆ ಪಡೆದು ಪೂರ್ಣಗೊಳಿಸಿದರೆ ಆ ಆರೋಪಗಳಿಂದ ಅವನಿಗೆ ವಿನಾಯಿತಿಯುಂಟು. ನಡುವೆ ಬಿಟ್ಟರೆ ವಿನಾಯಿತಿಯೂ ಹೋಗಬಹುದು. 1901ರಿಂದ ಇರುವ ಠಾಣೆಯ ಸರಕಾರಿ ಮನೋರುಗ್ಣಾಲಯ ನಮ್ಮ ಮಗ್ಗುಲಲ್ಲೇ ಇದೆ. 1986ರಲ್ಲಿ ಅನಿಲ್ ಮತ್ತು ಸುನಂದಾ ಅವಚಟ್ ದಂಪತಿ ಪುಣೆಯಲ್ಲಿ ಕಟ್ಟಿದ ‘ಮುಕ್ತಾಂಗಣ’ ವ್ಯಸನಮುಕ್ತಿಯ ಕೆಲಸಕ್ಕೆ ಹೆಸರಾಗಿದೆ. ಕೇಂದ್ರದ ಉಚಿತ ಸಹಾಯವಾಣಿ 14446. ಫೋನು ಎತ್ತಲು ಹೆಸರು ಕೆಡುವುದಿಲ್ಲ.

ನಮ್ಮ ಸಮಾಜಗಳ ಮುಂದೆ ನನ್ನ ಬೇಡಿಕೆ ನಾಲ್ಕು. ಬರುವ ಪರ್ವದಲ್ಲಿ ಸಂಯಮದ ದಿನ ಒಂದು ತಾಸು ಮನೋವೈದ್ಯರಿಗೆ ವೇದಿಕೆ ಕೊಡಿ. ಸವಾಲಿನ ಹಣದಲ್ಲಿ ಹತ್ತನೆಯ ಒಂದು ಪಾಲನ್ನು ಗುಟ್ಟು ಕಾಯುವ ಚಿಕಿತ್ಸಾ ನಿಧಿಗೆ ಇಡಿ. ತಂಬಾಕು, ಗುಟ್ಕಾ, ಮದ್ಯದ ಹಣದಿಂದ ಸ್ಮರಣಸಂಚಿಕೆ ಅಚ್ಚಾಗದಿರಲಿ. ಪದಾಧಿಕಾರಿಯಾಗುವವರು ಮೊದಲು ಜೇಬಿನ ಚಂಚಿ ಬಿಡಲಿ.

ಆ ಹಿರಿಯರು ಮೊನ್ನೆ ಫೋನ್ ಮಾಡಿದ್ದರು. ಮಗನೊಂದಿಗೆ ವೈದ್ಯರ ಬಳಿ ಹೋಗಿಬಂದರಂತೆ. ಬರಲು ಮಗ ಒಂದು ಷರತ್ತು ಹಾಕಿದ್ದನಂತೆ: “ಅಪ್ಪಾಜಿ, ನಿಮ್ಮ ಹೆಸರನ್ನೂ ಬರೆಸಿ.” ವೈದ್ಯರ ಚೀಟಿಗಳು ಎರಡಾದವು, ಒಂದು ಗಾಂಜಾಕ್ಕೆ, ಒಂದು ತಂಬಾಕಿಗೆ. ಮಗಳ ಸಂಬಂಧದ ಕಡೆಯವರಿಗೆ ವಿಷಯವನ್ನು ತಾವೇ ತಿಳಿಸುವುದಾಗಿ ಹೇಳಿದರು. ಅವರು ಏನು ಉತ್ತರಿಸುತ್ತಾರೋ ನೋಡಬೇಕು. ಆ ಉತ್ತರದಲ್ಲಿ ನಮ್ಮ ಸಮಾಜದ ಪರೀಕ್ಷೆಯೂ ಇದೆ.