ನಲವತ್ತೊಂಬತ್ತಕ್ಕೆ ದುರದೃಷ್ಟ ಕಾರಣವೇ?

2017ರ ಏಪ್ರಿಲ್ 23ರಂದು ಈಡನ್ ಗಾರ್ಡನ್ಸ್‌ನಲ್ಲಿ ನಮ್ಮ ಬೆಂಗಳೂರು ತಂಡವು 49 ರನ್ನಿಗೆ ಉರುಳಿದುದನ್ನು ಇಂದಿಗೂ ದುರದೃಷ್ಟವೆನ್ನುವ ಶಿಷ್ಯರಿದ್ದಾರೆ. ನಾನು ಒಪ್ಪಲಾರೆ. ಗೆಲ್ಲಲು ಬೇಕಿದ್ದುದು ಕೇವಲ 132. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಇದ್ದ ತಂಡದಲ್ಲಿ ಒಬ್ಬರೂ ಎರಡಂಕಿ ಮುಟ್ಟಲಿಲ್ಲ. ಕೇದಾರ್ ಜಾಧವರ 9 ರನ್ನೇ ಗರಿಷ್ಠ! ಹತ್ತು ಓವರುಗಳು ತುಂಬುವ ಮೊದಲೇ ಎಲ್ಲವೂ ಮುಗಿದಿತ್ತು. ಕೋಲ್ಕತ್ತದ ವೇಗಿಗಳು ಚೆನ್ನಾಗಿ ಎಸೆದರು, ನಿಜ. ಆದರೆ ವಿಕೆಟ್‌ಗಳು ಬೀಳುತ್ತಿದ್ದರೂ ನಮ್ಮವರ ಆತುರ ತಗ್ಗಲಿಲ್ಲವಲ್ಲ, ಅದಕ್ಕೆ ಯಾವ ಗ್ರಹವನ್ನು ದೂರೋಣ? ಇದೇ ತಂಡ 2013ರ ಏಪ್ರಿಲ್ 23ರಂದೇ 263 ಹೊಡೆದಿತ್ತು. ಗೇಲ್ ಒಬ್ಬರದೇ 175. ಆ ಅಬ್ಬರವೇ ಚಟವಾಯಿತೆಂದು ನನ್ನ ಗುಮಾನಿ. ಚೆಂಡನ್ನು ಬಿಡುವುದೂ ಬ್ಯಾಟಿಂಗೇ ಎಂಬುದನ್ನು ಇದೇ ಊರಿನ ದ್ರಾವಿಡರು 2003ರಲ್ಲಿ ಅಡಿಲೇಡಿನಲ್ಲಿ 233 ಮತ್ತು ಅಜೇಯ 72 ಗಳಿಸಿ ತೋರಿಸಿದ್ದರು. ‘ಟಿ20 ಬೇರೆ, ಮೇಷ್ಟ್ರೇ’ ಎನ್ನುವಿರಾ? ಇರಲಿ. ಓವರಿಗೆ ಏಳು ರನ್ನೂ ಬೇಡದಿದ್ದಾಗ ಅಷ್ಟು ಅವಸರವೇಕಿತ್ತು, ಹೇಳಿ.