ಗೋಕರ್ಣಕ್ಕೆ ಹೊರಡುವ ಮುನ್ನ

ಅಜ್ಜಿಗೆ ಮಹಾಬಲೇಶ್ವರನ ಹರಕೆ, ಮೊಮ್ಮಕ್ಕಳಿಗೆ ಕಡಲಿನ ಆಸೆ. ಎರಡನ್ನೂ ಒಂದೇ ಪ್ರಯಾಣದಲ್ಲಿ ಪೂರೈಸಬಲ್ಲ ಊರು ಉತ್ತರ ಕನ್ನಡದ ಗೋಕರ್ಣ. ಆದರೆ ಮನೆಯ ಯಜಮಾನರು ಮೊದಲೇ ಆಲೋಚಿಸದೆ ಹೊರಟರೆ ಎರಡೂ ಕೆಡುವುದುಂಟು.

ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆಯೂ ಅಲೆಗಳ ಅಬ್ಬರವೂ ಸೇರಿ ಸಮುದ್ರಸ್ನಾನ ಅಪಾಯಕರ. ಶಿವರಾತ್ರಿಯಲ್ಲಿ ಜನಸಂದಣಿ ವಿಪರೀತವಾದ್ದರಿಂದ, ವೃದ್ಧರನ್ನು ಕರೆದೊಯ್ಯುವವರು ಬೇರೆ ದಿನವನ್ನು ಆರಿಸಿಕೊಳ್ಳುವುದು ಲೇಸು.

ಕೊಂಕಣ ರೈಲುಮಾರ್ಗದ ಗೋಕರ್ಣ ರೋಡ್ ನಿಲ್ದಾಣ ಊರಿನಿಂದ ಸುಮಾರು 10 ಕಿಲೋಮೀಟರು ದೂರದಲ್ಲಿದೆ. ಅಲ್ಲಿಂದ ಮುಂದಿನ ಆಟೋರಿಕ್ಷಾ ಬಾಡಿಗೆಯನ್ನೂ ಖರ್ಚಿನ ಲೆಕ್ಕದಲ್ಲಿ ಸೇರಿಸಿರಬೇಕು. ದೇವಾಲಯದ ಬಾಗಿಲು ಮಧ್ಯಾಹ್ನ ಮುಚ್ಚುವುದರಿಂದ ಬೆಳಗ್ಗೆ ದರ್ಶನ, ಇಳಿಹೊತ್ತಿಗೆ ಕಡಲು ಎಂಬ ಕ್ರಮವೇ ಸರಿ. ಸಂಪ್ರದಾಯದಂತೆ ಮಹಾಗಣಪತಿಯ ದರ್ಶನ ಮೊದಲು. ಗಂಡಸರು ಪಂಚೆಯನ್ನು ಮರೆಯಬಾರದು.

ಓಂ ಕಡಲತೀರದ ಸಮೀಪದವರೆಗೆ ವಾಹನ ಹೋಗುತ್ತದೆ. ಅದರಾಚೆಯ ಅರ್ಧಚಂದ್ರ ತೀರಕ್ಕೆ ಗುಡ್ಡದ ಕಾಲುದಾರಿಯನ್ನು ಹಿಡಿಯಬೇಕಾದ್ದರಿಂದ ಮಂಡಿನೋವಿನವರಿಗೆ ಅದು ತಕ್ಕುದಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಅಲೆಗಳ ನಡುವೆ ಶಾಂತವಾಗಿ ಕಾಣುವ ನೀರೇ ಹಲವೊಮ್ಮೆ ಮನುಷ್ಯನನ್ನು ಒಳಕ್ಕೆಳೆಯುವ ಸೆಳವು. ಅದರಲ್ಲಿ ಸಿಕ್ಕವರು ನೇರವಾಗಿ ದಡದತ್ತ ಈಜಿ ದಣಿಯಬಾರದು. ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳವು ತಪ್ಪಿದ ಮೇಲೆ ದಡದ ಕಡೆ ತಿರುಗಬೇಕು. ಮಕ್ಕಳು ಮೊಣಕಾಲಿನಾಳವನ್ನು ಮೀರದಂತೆ ಹಿರಿಯರೊಬ್ಬರು ಸದಾ ಜೊತೆಯಲ್ಲೇ ನಿಂತಿರಲಿ.

ಹೊರಟವರೆಲ್ಲರೂ ಕ್ಷೇಮವಾಗಿ ಹಿಂದಿರುಗಿದಾಗ ತಾನೆ ಅಜ್ಜಿಯ ಹರಕೆ ಪೂರ್ಣವಾಗುವುದು!